ಡಿಸೆಂಬರಿನಲ್ಲಿ ಬರೆಯುವ ಯೋಜನೆ, ಜೂನ್‌ನಲ್ಲಿ ಬೇಕಾಗುವ ಯೋಜನೆ

ಪ್ರಶ್ನೆ: ಬಡ್ತಿ ಪಡೆದು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದು ಎರಡು ವರ್ಷವಾಯಿತು. ಒಂದರಿಂದ ಐದರವರೆಗೆ 104, ಆರು ಮತ್ತು ಏಳರಲ್ಲಿ 44 ಮಕ್ಕಳಿದ್ದಾರೆ. ನನ್ನನ್ನೂ ಸೇರಿಸಿ ಐವರು ಕಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕರು. ಪ್ರತಿ ವರ್ಷ ಶಾಲಾ ಅಭಿವೃದ್ಧಿ ಯೋಜನೆ ಬರೆಯುತ್ತೇವೆ. ನಿಜ ಹೇಳಬೇಕೆಂದರೆ, ಹಿಂದಿನ ವರ್ಷದ ಪ್ರತಿಯಲ್ಲಿ ಇಸವಿ ತಿದ್ದಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿ ಹಾಕಿಸಿ ಕಳಿಸುತ್ತೇವೆ. ಇದರ ಜೊತೆಗೆ ಶಾಲಾ ಸಿದ್ಧಿ ಎಂಬ ಸ್ವಮೌಲ್ಯಮಾಪನ, ಯುಡೈಸ್, ಎಸ್‌ಎಟಿಎಸ್ ಎಂಬ ಆನ್‌ಲೈನ್ ಮಾಹಿತಿ ದಾಖಲೆಗಳು, ಎಲ್ಲವೂ ಇವೆ. ಈಚೆಗೆ ಒಂದು ತರಬೇತಿಯಲ್ಲಿ ‘ನಿರಂತರ ಸುಧಾರಣಾ ಯೋಜನೆ’ ಎಂಬ ಮಾತು ಕೇಳಿದೆ. ಇದು ತುಂಬಬೇಕಾದ ಇನ್ನೊಂದು ನಮೂನೆಯೋ, ಅಥವಾ ಇದರಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಪ್ರಯೋಜನವಿದೆಯೋ? ಇದ್ದರೆ ಎಲ್ಲಿಂದ ಆರಂಭಿಸಲಿ?

ಉತ್ತರ: ಇಸವಿ ತಿದ್ದಿ ಕಳಿಸುವುದು ನಿಮ್ಮೊಬ್ಬರ ಶಾಲೆಯ ಪದ್ಧತಿಯಲ್ಲ. ನಾನು ಡಯಟ್‌ನಲ್ಲಿದ್ದ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ವರ್ಷಗಳಲ್ಲಿ ಇಂಥ ಯೋಜನೆಗಳ ಕಟ್ಟುಗಳು ನನ್ನ ಮೇಜಿನ ಮೇಲೂ ಬಂದು ಕೂರುತ್ತಿದ್ದವು. ಒಮ್ಮೆ ಒಂದು ಶಾಲೆಯ ಯೋಜನೆಯ ಮೂರನೆಯ ಪುಟದಲ್ಲಿ ಪಕ್ಕದ ಊರಿನ ಶಾಲೆಯ ಹೆಸರು ಹಾಗೆಯೇ ಉಳಿದುಕೊಂಡಿತ್ತು. ಬರೆದವರು ಅದನ್ನು ನೋಡಿರಲಿಲ್ಲ, ಸಹಿ ಮಾಡಿದವರು ನೋಡಿರಲಿಲ್ಲ, ಮೇಲಕ್ಕೆ ಕಳಿಸಿದವರೂ ನೋಡಿರಲಿಲ್ಲ. ಮೊದಲ ಸಲ ಪುಟ ಮಗುಚಿದಾಗ ನನ್ನ ಕಣ್ಣಿಗೂ ಅದು ಬೀಳಲಿಲ್ಲ. ಯಾರೂ ಓದುವುದಿಲ್ಲವೆಂದು ಗೊತ್ತಿರುವ ಬರಹವನ್ನು ಎಚ್ಚರದಿಂದ ಬರೆಯಿರಿ ಎಂದು ಯಾರಿಗೆ ಹೇಳುವುದು? ಆದ್ದರಿಂದ ಶಿಕ್ಷಕರ ನಿರಾಸಕ್ತಿಯನ್ನು ದೂರುವ ಮೊದಲು ಆ ಯೋಜನೆ ಏನನ್ನು ಕೇಳುತ್ತದೆ ಎಂಬುದನ್ನು ನೋಡಬೇಕು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣವು ಶಾಲಾ ಸಮಿತಿಯನ್ನು, 22ನೆಯ ಪ್ರಕರಣವು ಶಾಲಾ ಅಭಿವೃದ್ಧಿ ಯೋಜನೆಯನ್ನು ಕುರಿತದ್ದು. ಯೋಜನೆಯನ್ನು ಸಿದ್ಧಪಡಿಸಬೇಕಾದದ್ದು ಸಮಿತಿಯೇ ಹೊರತು ಮುಖ್ಯ ಶಿಕ್ಷಕರಲ್ಲ ಎಂಬುದೂ, ಸರ್ಕಾರವು ಶಾಲೆಗೆ ಕೊಡುವ ಅನುದಾನಕ್ಕೆ ಈ ಯೋಜನೆಯೇ ಆಧಾರವಾಗಬೇಕು ಎಂಬುದೂ ಕಾಯಿದೆಯಲ್ಲಿ ಸ್ಪಷ್ಟವಾಗಿಯೇ ಇದೆ. ಇದರ ವಿವರಗಳನ್ನು ಕೇಂದ್ರದ ಮಾದರಿ ನಿಯಮಗಳು ಹೇಳುತ್ತವೆ: ಮೂರು ವರ್ಷಗಳ ಯೋಜನೆ, ಅದರೊಳಗೆ ಮೂರು ವಾರ್ಷಿಕ ಉಪಯೋಜನೆಗಳು, ಆರ್ಥಿಕ ವರ್ಷ ಮುಗಿಯಲು ಕನಿಷ್ಠ ಮೂರು ತಿಂಗಳಿರುವಾಗಲೇ ಅದು ಸಿದ್ಧವಾಗಬೇಕು, ತರಗತಿವಾರು ದಾಖಲಾತಿಯ ಅಂದಾಜು, ಬೇಕಾಗುವ ಹೆಚ್ಚುವರಿ ಶಿಕ್ಷಕರು, ಕಟ್ಟಡ ಮತ್ತು ಸಲಕರಣೆಗಳ ಅಗತ್ಯ, ಇವಕ್ಕೆ ತಗಲುವ ಹಣ, ಇಷ್ಟೂ ಅದರಲ್ಲಿರಬೇಕು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇದರಲ್ಲಿರುವುದೆಲ್ಲ ಶಾಲೆಯು ಮೇಲಿನವರಿಂದ ಕೇಳಬೇಕಾದದ್ದು. ಶಾಲೆಯೇ ತನ್ನೊಳಗೆ ಮಾಡಬೇಕಾದದ್ದನ್ನು, ಅಂದರೆ ನಾಲ್ಕನೆಯ ತರಗತಿಯ ಮಕ್ಕಳು ಓದುವಲ್ಲಿ ಎಲ್ಲಿ ಎಡವುತ್ತಿದ್ದಾರೆ, ಅದಕ್ಕೆ ಮುಂದಿನ ಆರು ವಾರಗಳಲ್ಲಿ ಏನು ಮಾಡುತ್ತೇವೆ ಎಂಬುದನ್ನು, ಈ ಪಟ್ಟಿ ಕೇಳುವುದೇ ಇಲ್ಲ. ಅದು ಬೇಡಿಕೆಪತ್ರ, ಮತ್ತು ಬೇಡಿಕೆಪತ್ರವಾಗಿ ಬಹಳ ಮುಖ್ಯವಾದ ಕಾಗದ. ಅದರಿಂದ ಕಲಿಕೆ ಸುಧಾರಿಸಬೇಕೆಂದು ನಿರೀಕ್ಷಿಸಿದ್ದೇ ನಮ್ಮ ತಪ್ಪು.

ಇದಕ್ಕೆ ಪಂಚಾಂಗದ ತೊಡಕೂ ಸೇರಿಕೊಂಡಿದೆ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆದರೆ ನಮ್ಮ ಶಾಲೆಗಳ ವರ್ಷ ಜೂನ್‌ ಹೊತ್ತಿಗೆ ಆರಂಭವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ನಿಯಮದಂತೆ ಡಿಸೆಂಬರ್ ಕೊನೆಗೆ ಯೋಜನೆ ಸಿದ್ಧವಾಗಬೇಕೆಂದರೆ, ಮುಂದಿನ ಜೂನ್‌ನಲ್ಲಿ ಯಾವ ಮಗು ಯಾವ ತರಗತಿಯಲ್ಲಿ ಯಾವ ಮಟ್ಟದಲ್ಲಿರುತ್ತದೆ, ಯಾವ ಶಿಕ್ಷಕರು ವರ್ಗಾವಣೆಯಾಗಿರುತ್ತಾರೆ, ಅತಿಥಿ ಶಿಕ್ಷಕರು ಬಂದಿರುತ್ತಾರೋ ಇಲ್ಲವೋ ಎಂಬುದೊಂದೂ ಗೊತ್ತಿಲ್ಲದೆ ಬರೆಯಬೇಕು. ಕಟ್ಟಡಕ್ಕೆ ಇದು ಸರಿ, ಸೋರುವ ಮಾಳಿಗೆ ಜೂನ್‌ನಲ್ಲೂ ಸೋರುತ್ತದೆ. ಕಲಿಕೆಗೆ ಸರಿಹೋಗುವುದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ಎರಡನ್ನೂ ಬೇರ್ಪಡಿಸಿ. ಡಿಸೆಂಬರಿನಲ್ಲಿ ಕಾಯಿದೆ ಕೇಳುವ ಬೇಡಿಕೆಯ ಯೋಜನೆಯನ್ನು ಅಂಕಿಅಂಶಗಳೊಡನೆ ಗಟ್ಟಿಯಾಗಿ ಬರೆದು ಮೇಲಕ್ಕೆ ಕಳಿಸಿ. ಜೂನ್‌ನಲ್ಲಿ, ವರ್ಷಾರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಸೇತುಬಂಧದ ಸಾಫಲ್ಯ ಪರೀಕ್ಷೆ ಮುಗಿದ ವಾರದಲ್ಲಿ, ಯಾರಿಗೂ ಕಳಿಸಬೇಕಾಗಿಲ್ಲದ ಒಂದು ಪುಟದ ಯೋಜನೆಯನ್ನು ಬರೆದು ಶಿಕ್ಷಕರ ಕೊಠಡಿಯ ಗೋಡೆಗೆ ಅಂಟಿಸಿ. ನೀವು ತರಬೇತಿಯಲ್ಲಿ ಕೇಳಿದ ನಿರಂತರ ಸುಧಾರಣೆ ಎಂಬುದು ಈ ಎರಡನೆಯ ಕಾಗದಕ್ಕೆ ಸಂಬಂಧಿಸಿದ್ದು.

ಆ ವಿಚಾರ ಹುಟ್ಟಿದ್ದು ಶಾಲೆಯಲ್ಲಲ್ಲ, ಕಾರ್ಖಾನೆಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಶೂಹಾರ್ಟ್ ಉತ್ಪಾದನೆಯ ಗುಣಮಟ್ಟವನ್ನು ಕುರಿತು ನಡೆಸಿದ ಕೆಲಸವನ್ನು ಎಡ್ವರ್ಡ್ಸ್ ಡೆಮಿಂಗ್ ಮುಂದುವರಿಸಿದರು, 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಅದನ್ನು ಕಲಿಸಿದರು. ಯೋಜಿಸು, ಮಾಡಿ ನೋಡು, ಆದದ್ದನ್ನು ಅಭ್ಯಸಿಸು, ತಿದ್ದು, ಮತ್ತೆ ಯೋಜಿಸು. ಮೂರನೆಯ ಹೆಜ್ಜೆಗೆ ಕೆಲವರು ‘ತಪಾಸಣೆ’ ಎಂಬ ಅರ್ಥದ ಪದವನ್ನು ಬಳಸುತ್ತಿದ್ದಾಗ ಡೆಮಿಂಗ್ ಅದನ್ನು ಒಪ್ಪದೆ ‘ಅಭ್ಯಾಸ’ ಎಂಬರ್ಥದ ಪದವನ್ನೇ ಹಿಡಿದು ನಿಂತರು. ನಮ್ಮ ಇಲಾಖೆಯ ಭಾಷೆಯಲ್ಲಿ ಈ ಎರಡು ಪದಗಳ ನಡುವೆ ಎಷ್ಟು ದೂರವಿದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ತಪಾಸಣೆಯ ದಿನ ಶಾಲೆ ಹೇಗಿರುತ್ತದೆ, ಉಳಿದ ದಿನ ಹೇಗಿರುತ್ತದೆ ಎಂಬುದು ನಿಮಗೇ ಗೊತ್ತು. ಈ ಚಕ್ರದ ಗುಣವಿರುವುದು ಅದು ಚಿಕ್ಕದಾಗಿದ್ದು ಬೇಗ ಬೇಗ ತಿರುಗುವುದರಲ್ಲಿ. ನಾವು ಅದನ್ನು ವರ್ಷಕ್ಕೊಮ್ಮೆ ತಿರುಗಿಸುತ್ತೇವೆ, ಅದೂ ಮೊದಲನೆಯ ಹೆಜ್ಜೆಗೇ ನಿಲ್ಲಿಸುತ್ತೇವೆ.

ಬೇರೆ ದೇಶದವರು ಇದರಲ್ಲಿ ನಮಗಿಂತ ಜಾಣರು ಎಂದೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ 2002ರ ಜನವರಿಯಲ್ಲಿ ಸಹಿಯಾದ ಶಾಲಾ ಕಾನೂನು, ಸತತ ಎರಡು ವರ್ಷ ನಿಗದಿತ ಪ್ರಗತಿ ತೋರದ ಸರ್ಕಾರಿ ಶಾಲೆಯನ್ನು ಗುರುತಿಸಿ, ಮೂರು ತಿಂಗಳೊಳಗೆ ಸುಧಾರಣಾ ಯೋಜನೆ ಬರೆಯುವಂತೆ ಕಡ್ಡಾಯ ಮಾಡಿತ್ತು. ಅಂಥ ಕಡೆ ಪ್ರಾಂಶುಪಾಲರು ಬರೆಯುವುದು ಒಪ್ಪಿಗೆಯಾಗುವ ಯೋಜನೆಯನ್ನೇ. ಅದರ ಬಿಸಿಯಲ್ಲಿ, ತೇರ್ಗಡೆಯ ಗೆರೆಯ ಹತ್ತಿರದಲ್ಲಿರುವ ಮಕ್ಕಳ ಮೇಲಷ್ಟೇ ಗಮನ ಹರಿದು ತೀರ ಹಿಂದುಳಿದವರು ಬಿಟ್ಟುಹೋದ ಉದಾಹರಣೆಗಳು ಅಲ್ಲಿ ದಾಖಲಾಗಿವೆ. 2015ರ ಡಿಸೆಂಬರಿನಲ್ಲಿ ಆ ಕಾನೂನಿನ ಜಾಗಕ್ಕೆ ಬೇರೊಂದು ಬಂತು. ಶಿಕ್ಷೆಯ ಭಯದಲ್ಲಿ ಬರೆದ ಯೋಜನೆ ಮೇಲಿನವರಿಗೆ ಸಲ್ಲುತ್ತದೆಯೇ ಹೊರತು ಮಗುವಿನವರೆಗೆ ಬರುವುದಿಲ್ಲ ಎಂಬುದು ನನ್ನ ಅನುಭವವೂ ಹೌದು.

ಇನ್ನು ನಿಮ್ಮ ಗೋಡೆಯ ಮೇಲಿನ ಒಂದು ಪುಟದ ವಿಷಯ. ಅದರಲ್ಲಿ ಒಂದೇ ಒಂದು ಸಮಸ್ಯೆ ಇರಲಿ. ‘ಗುಣಾತ್ಮಕ ಶಿಕ್ಷಣ ನೀಡುವುದು’ ಎಂದು ಬರೆದರೆ ಅದು ಮುಗಿಯುವುದೂ ಇಲ್ಲ, ಆರಂಭವಾಗುವುದೂ ಇಲ್ಲ. ಸಮಸ್ಯೆಯನ್ನು ಒಂದು ಮಗುವಿನ ಮುಂದೆ ಕುಳಿತು ಕೇಳಿಸಿಕೊಳ್ಳುವಷ್ಟು ಚಿಕ್ಕದು ಮಾಡಿಕೊಳ್ಳಬೇಕು. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೇಳುತ್ತೇನೆ. ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಸೇರಿ ನಿಮ್ಮಲ್ಲಿ ಸುಮಾರು ನಲವತ್ತು ಮಕ್ಕಳಿರಬಹುದು. ಅವರು ಹಿಂದೆ ಕಂಡಿರದ ಹತ್ತು ಸಾಲಿನ ಒಂದು ಕನ್ನಡ ಗದ್ಯವನ್ನು ಕೊಟ್ಟು, ಒಬ್ಬೊಬ್ಬರನ್ನೇ ಕರೆದು ಗಟ್ಟಿಯಾಗಿ ಓದಿಸಿ, ಎಡವಿದ ಪದಗಳ ಕೆಳಗೆ ನಿಮ್ಮ ಪ್ರತಿಯಲ್ಲಿ ಗೆರೆ ಎಳೆಯುತ್ತ ಹೋಗಿ. ಒಬ್ಬರಿಗೆ ಎರಡು ಮೂರು ನಿಮಿಷ ಸಾಕು, ಎರಡು ದಿನಗಳಲ್ಲಿ ಮುಗಿಯುತ್ತದೆ. ಈ ಕೆಲಸವನ್ನು ತರಗತಿ ಶಿಕ್ಷಕರಿಗೆ ವಹಿಸದೆ ನೀವೇ ಮಾಡಬೇಕೆಂದು ಒತ್ತಿ ಹೇಳುತ್ತೇನೆ. ಶಿಕ್ಷಕರು ಮಾಡಲಾರರು ಎಂದಲ್ಲ. ಮುಖ್ಯ ಶಿಕ್ಷಕಿ ಕಲಿಕೆಯ ಬಗ್ಗೆ ಮಾತನಾಡುವಾಗ ಅವರ ಕಿವಿಯಲ್ಲಿ ಆ ಮಕ್ಕಳ ದನಿ ಇರಬೇಕು, ರಿಜಿಸ್ಟರಿನ ಶೇಕಡಾವಾರು ಇದ್ದರೆ ಸಾಲದು.

ಓದಿಸಿದ ಮೇಲೆ ಗೆರೆ ಎಳೆದ ಪದಗಳನ್ನು ಒಂದೆಡೆ ಬರೆಯಿರಿ. ಬಹುತೇಕ ಶಾಲೆಗಳಲ್ಲಿ ನಾನು ಕಂಡದ್ದೇನೆಂದರೆ, ಎಡವುವುದು ಒತ್ತಕ್ಷರದಲ್ಲಿ. ಅದರಲ್ಲೂ ಎಲ್ಲ ಒತ್ತುಗಳಲ್ಲಿ ಅಲ್ಲ. ‘ಅಕ್ಕ’, ‘ಹಗ್ಗ’, ‘ಬೆಟ್ಟ’ ಎಂಬುವನ್ನು ಮಕ್ಕಳು ಓದಿಬಿಡುತ್ತಾರೆ, ಏಕೆಂದರೆ ಕ, ಗ, ಟ ಮುಂತಾದವುಗಳ ಒತ್ತು ಮೂಲ ಅಕ್ಷರವನ್ನೇ ತಲೆಕಟ್ಟು ತೆಗೆದು ಚಿಕ್ಕದಾಗಿ ಬರೆದಂತಿರುತ್ತದೆ. ತ, ನ, ಮ, ಯ, ರ, ಲ ಅಕ್ಷರಗಳ ಒತ್ತುಗಳಿಗೂ ಮೂಲ ರೂಪಕ್ಕೂ ಅಂಥ ಹೋಲಿಕೆಯಿಲ್ಲ; ‘ಪುಸ್ತಕ’, ‘ರತ್ನ’, ‘ರಾಜ್ಯ’, ‘ಚಕ್ರ’ ಎಂಬಲ್ಲಿ ಮಗು ನಿಂತುಬಿಡುತ್ತದೆ. ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದ ಬರೆದಿದ್ದರಂತೂ ಮೊದಲು ಉಚ್ಚರಿಸಬೇಕಾದದ್ದನ್ನು ಕೊನೆಗೆ ಬರೆದಿರುವ ವಿಚಿತ್ರವನ್ನು ಅದು ಎದುರಿಸಬೇಕು. ಇಷ್ಟು ತಿಳಿದ ಕೂಡಲೇ ‘ಮಕ್ಕಳಿಗೆ ಓದಲು ಬರುವುದಿಲ್ಲ’ ಎಂಬ ಭಾರವಾದ ದೂರು, ‘ಆರು ಒತ್ತುಗಳೂ ಒಂದು ಅರ್ಕಾವೊತ್ತೂ ಹದಿನಾರು ಮಕ್ಕಳಿಗೆ ಗಟ್ಟಿಯಾಗಿಲ್ಲ’ ಎಂಬ, ಕೈಹಾಕಬಹುದಾದ ಕೆಲಸವಾಗುತ್ತದೆ. ಹದಿನಾರು ಎಂಬುದು ನನ್ನ ಊಹೆಯ ಸಂಖ್ಯೆ, ನಿಮ್ಮದು ನಿಮ್ಮ ಹಾಳೆಯಲ್ಲಿ ಸಿಗುತ್ತದೆ.

ಆಮೇಲೆ ಕಾರಣ ಹುಡುಕಬೇಕು. ಇಲ್ಲಿ ಶಿಕ್ಷಕರ ಸಭೆಗಳು ಸಾಮಾನ್ಯವಾಗಿ ದಾರಿ ತಪ್ಪುತ್ತವೆ. ಪಾಲಕರು ಅನಕ್ಷರಸ್ಥರು, ಮನೆಯಲ್ಲಿ ಓದಿಸುವವರಿಲ್ಲ, ಗುಳೆ ಹೋಗುತ್ತಾರೆ, ಮೊಬೈಲು ಬಂದು ಕೆಟ್ಟಿತು, ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಸುಳ್ಳು ಯಾವುದೂ ಇಲ್ಲದಿರಬಹುದು, ಆದರೆ ಇವು ಯಾವುವೂ ನಿಮ್ಮ ಗೇಟಿನ ಒಳಗಿಲ್ಲ. ನಾನು ಸಭೆಗಳಲ್ಲಿ ಹಲಗೆಯ ಮೇಲೆ ಒಂದು ಗೆರೆ ಎಳೆದು, ಎಡಕ್ಕೆ ‘ಗೇಟಿನ ಹೊರಗೆ’, ಬಲಕ್ಕೆ ‘ಗೇಟಿನ ಒಳಗೆ’ ಎಂದು ಬರೆಸುತ್ತಿದ್ದೆ. ಎಡ ಬದಿ ಎರಡು ನಿಮಿಷದಲ್ಲಿ ತುಂಬುತ್ತದೆ, ಬಲ ಬದಿಗೆ ಮೌನ ಬೇಕಾಗುತ್ತದೆ. ಆ ಮೌನವನ್ನು ಮುಖ್ಯ ಶಿಕ್ಷಕಿ ತಾಳ್ಮೆಯಿಂದ ಕಾಯಬೇಕು. ನಮ್ಮ ಉದಾಹರಣೆಯಲ್ಲಿ ಬಲ ಬದಿಗೆ ಬರಬಹುದಾದ ಒಂದು ಕಾರಣವನ್ನು ಹೇಳುತ್ತೇನೆ. ಮೂರನೆಯ ತರಗತಿಯವರೆಗೆ ನಲಿಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿ ಕಲಿತ ಮಗುವಿಗೆ ಕಲಿಕೆಯ ಮೆಟ್ಟಿಲುಗಳಿದ್ದವು, ಗುಂಪಿನ ತಟ್ಟೆಗಳಿದ್ದವು, ಗೋಡೆಯ ಪ್ರಗತಿ ನೋಟದಲ್ಲಿ ಅದರ ಜಾಗ ಎಲ್ಲಿದೆ ಎಂಬುದು ಶಿಕ್ಷಕರಿಗೂ ಮಗುವಿಗೂ ಗೊತ್ತಿತ್ತು. ನಾಲ್ಕನೆಯ ತರಗತಿಗೆ ಬಂದ ದಿನ ಅದರ ಕೈಗೆ ಪಠ್ಯಪುಸ್ತಕ ಬಂತು, ಇಡೀ ತರಗತಿಗೆ ಒಂದೇ ಪಾಠ ಶುರುವಾಯಿತು. ಯಾವ ಮೆಟ್ಟಿಲಿನಲ್ಲಿ ಅದು ನಿಂತಿತ್ತು ಎಂಬ ಮಾಹಿತಿ ಹಳೆಯ ಕೊಠಡಿಯ ಗೋಡೆಯಲ್ಲೇ ಉಳಿಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ನಲಿಕಲಿಯ ಜೀವಾಳ ಇರುವುದು ಪ್ರತಿ ಮಗು ಎಲ್ಲಿದೆ ಎಂಬುದನ್ನು ದಿನವೂ ತಿಳಿದಿರುವುದರಲ್ಲಿ. ನಿರಂತರ ಸುಧಾರಣೆಯನ್ನು ನಾವು ತರಬೇತಿಗಳಲ್ಲಿ ಹೊರಗಿನಿಂದ ತಂದ ಹೊಸ ವಿಚಾರವೆಂಬಂತೆ ಹೇಳುತ್ತೇವೆ. ನಿಮ್ಮದೇ ಶಾಲೆಯ ಮೂರನೆಯ ತರಗತಿಯ ಕೊಠಡಿಯಲ್ಲಿ ಅದು ಇಷ್ಟು ವರ್ಷಗಳಿಂದ ನಡೆದುಬಂದಿದೆ.

ಹಾಗಾದರೆ ಮಾಡುವುದೇನು? ಬೆಳಗಿನ ಪ್ರಾರ್ಥನೆಯ ನಂತರ ಇಪ್ಪತ್ತು ನಿಮಿಷ, ಆರು ವಾರ, ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ ಓದಿನ ಮಟ್ಟದ ಪ್ರಕಾರ ಮೂರು ಗುಂಪಾಗಿ ಕೂರಿಸಿ. ತೊಡಕಿರುವ ಗುಂಪನ್ನು ಅತಿಥಿ ಶಿಕ್ಷಕರ ಕೈಗೆ ಕೊಡಬೇಡಿ; ಅದು ನಿಮ್ಮ ಶಾಲೆಯಲ್ಲಿ ಅತ್ಯಂತ ಚೆನ್ನಾಗಿ ಕನ್ನಡ ಕಲಿಸುವವರಿಗೆ ಸಲ್ಲಬೇಕು, ಅವರು ಸಾಮಾನ್ಯವಾಗಿ ಏಳನೆಯ ತರಗತಿಯಲ್ಲಿರುತ್ತಾರೆ. ಆ ಇಪ್ಪತ್ತು ನಿಮಿಷ ಏಳನೆಯವರು ಗ್ರಂಥಾಲಯದ ಪುಸ್ತಕ ಹಿಡಿದು ತಾವೇ ಓದಲಿ. ಒತ್ತುಗಳನ್ನು ಒಂದೊಂದಾಗಿ ತೆಗೆದುಕೊಂಡು, ಮಕ್ಕಳಿಗೆ ಗೊತ್ತಿರುವ ಪದಗಳಿಂದಲೇ ಆರಂಭಿಸಬಹುದು: ಬಸ್ಸಿನ ಫಲಕ, ಅಂಗಡಿಯ ಹೆಸರು, ಊರಿನ ಜಾತ್ರೆಯ ಕರಪತ್ರ. ಯಾವ ವಿಧಾನ ಎಂಬುದನ್ನು ಕಲಿಸುವವರೇ ತೀರ್ಮಾನಿಸಲಿ. ನಿಮ್ಮ ಕೆಲಸ ಆ ಇಪ್ಪತ್ತು ನಿಮಿಷವನ್ನು ಕಾಯುವುದು, ಅಂದರೆ ಆ ವೇಳೆಯಲ್ಲಿ ಯಾವ ಶಿಕ್ಷಕರನ್ನೂ ಮೊಟ್ಟೆಯ ಲೆಕ್ಕಕ್ಕೋ ಆಧಾರ್ ತಿದ್ದುಪಡಿಗೋ ಎಬ್ಬಿಸದಿರುವುದು. ಹೇಳಲು ಇದು ಸುಲಭವೆಂದು ತೋರುತ್ತದೆ. ಮುಖ್ಯ ಶಿಕ್ಷಕರ ಕೆಲಸದಲ್ಲಿ ಇದಕ್ಕಿಂತ ಕಠಿಣವಾದದ್ದನ್ನು ನಾನು ಕಂಡಿಲ್ಲ.

ಮೂರನೆಯ ವಾರದ ಕೊನೆಗೆ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಅರ್ಧ ಗಂಟೆ ಕುಳಿತುಕೊಳ್ಳಿ. ಅಷ್ಟರೊಳಗೆ ಅದೇ ಮಟ್ಟದ ಬೇರೊಂದು ಗದ್ಯವನ್ನು ನೀವು ಆ ಮಕ್ಕಳಿಂದ ಮತ್ತೊಮ್ಮೆ ಓದಿಸಿರಬೇಕು. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಮೇಜಿನ ಮೇಲಿಟ್ಟು ನೋಡಿ. ಬಹುಶಃ ಅಕ್ಷರಪಟದಲ್ಲಿ ಒತ್ತನ್ನು ಗುರುತಿಸುವ ಮಗು ವಾಕ್ಯದಲ್ಲಿ ಅದೇ ಒತ್ತು ಬಂದಾಗ ನಿಲ್ಲುತ್ತಿರಬಹುದು. ಹಾಗಿದ್ದರೆ ಪಟದ ಅಭ್ಯಾಸ ಕಡಿಮೆ ಮಾಡಿ, ವಾಕ್ಯ ಓದಿಸುವುದನ್ನು ಹೆಚ್ಚಿಸಬೇಕು. ಇದೇ ‘ತಿದ್ದು’ ಎಂಬ ಹೆಜ್ಜೆ, ಗೋಡೆಯ ಮೇಲಿನ ಹಾಳೆಯಲ್ಲಿ ಅದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಆರು ವಾರಗಳ ನಂತರವೂ ಏನೂ ಬದಲಾಗದಿದ್ದರೆ ಅದನ್ನೂ ಬರೆಯಿರಿ. ನಾನು ನೋಡಿದ ಒಳ್ಳೆಯ ಯೋಜನೆಗಳೆಲ್ಲ ಕಾಟು ಹೊಡೆದ, ಅಂಚಿನಲ್ಲಿ ಬರೆದ ಕೊಳಕು ಹಾಳೆಗಳೇ. ವರ್ಷದ ಕೊನೆಯಲ್ಲಿ ಜೂನ್‌ನಲ್ಲಿದ್ದಷ್ಟೇ ಶುಭ್ರವಾಗಿರುವ ಯೋಜನೆಯನ್ನು ಕಂಡರೆ ನನಗೆ ಅನುಮಾನ.

ಇದರಲ್ಲಿ ನಿಮ್ಮ ಸ್ವಂತ ಸಮಯದ ಪ್ರಶ್ನೆ ದೊಡ್ಡದು. ಕಾಯಿದೆಯ ಅನುಸೂಚಿಯು ಒಂದರಿಂದ ಐದರವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐವರು ಶಿಕ್ಷಕರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರನ್ನು, ಆರರಿಂದ ಎಂಟರವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರನ್ನು ಹೇಳುತ್ತದೆ. ನಿಮ್ಮ 104 ಮತ್ತು 44 ಎಂಬ ಸಂಖ್ಯೆಗಳು ಎರಡೂ ಗೆರೆಗಳ ಕೆಳಗಿವೆ. ಅಂದರೆ ಆ ಲೆಕ್ಕದಲ್ಲಿ ನಿಮ್ಮ ಗಾತ್ರದ ಶಾಲೆಯನ್ನು ನಡೆಸುವವರು ಪಾಠವನ್ನೂ ಮಾಡುತ್ತಲೇ ನಡೆಸಬೇಕು. ಬಿಸಿಯೂಟ, ಹಾಲು, ಸಮವಸ್ತ್ರ, ವಿದ್ಯಾರ್ಥಿವೇತನ ಎಲ್ಲವೂ ಅದರ ಮೇಲೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ತರಬೇತಿ ಬೇಕೆನ್ನುತ್ತದೆ, ಅದರಲ್ಲಿ ನಾಯಕತ್ವದ ವಿಷಯವೂ ಸೇರಿದೆ. ಆ 50 ಗಂಟೆಗಳನ್ನು ಎಲ್ಲಿಂದ ಕಡಿಯುವುದು ಎಂಬುದು ನಿಮಗೇ ಬಿಟ್ಟ ವಿಷಯವಾಗಿದೆ. ಆದ್ದರಿಂದಲೇ ನಾನು ಹೊಸ ಸಭೆ ಹೊಸ ವಹಿ ಯಾವುದನ್ನೂ ಸೂಚಿಸುತ್ತಿಲ್ಲ. ಶನಿವಾರದ ಸಭೆ ಈಗಾಗಲೇ ಇದೆ. ಅದರಲ್ಲಿ ಸುತ್ತೋಲೆ ಓದುವುದನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಸಾಕು. ಸುತ್ತೋಲೆಗಳು ಹೇಗೂ ಎಲ್ಲರ ವಾಟ್ಸಾಪ್‌ಗೆ ಬಂದಿರುತ್ತವೆ.

ಶಾಲಾ ಸಿದ್ಧಿಯನ್ನು ಕುರಿತು ನೀವು ಬೇಸರದಿಂದ ಬರೆದಿದ್ದೀರಿ. 2015ರ ನವೆಂಬರಿನಲ್ಲಿ ರಾಷ್ಟ್ರ ಮಟ್ಟದಲ್ಲಿ ಆರಂಭವಾದ ಅದರ ಚೌಕಟ್ಟಿನಲ್ಲಿ ಏಳು ಕ್ಷೇತ್ರಗಳೂ 46 ಮಾನದಂಡಗಳೂ ಇವೆ, ಪ್ರತಿಯೊಂದರಲ್ಲಿ ಶಾಲೆ ತಾನು ಮೂರು ಹಂತಗಳಲ್ಲಿ ಎಲ್ಲಿದ್ದೇನೆ ಎಂದು ಗುರುತಿಸಿಕೊಳ್ಳಬೇಕು. ಒಂದೇ ಮಧ್ಯಾಹ್ನದಲ್ಲಿ 46ನ್ನೂ ತುಂಬಿದರೆ ಎಲ್ಲ ಕಡೆಯೂ ಎರಡನೆಯ ಹಂತ ಬರುತ್ತದೆ, ಏಕೆಂದರೆ ಒಂದು ಎಂದು ಹಾಕಿದರೆ ಪ್ರಶ್ನೆ ಬರುತ್ತದೆ, ಮೂರು ಎಂದು ಹಾಕಿದರೆ ಭೇಟಿ ಬರುತ್ತದೆ. ಪೋರ್ಟಲ್‌ಗೆ ಬೇಕಾದದ್ದನ್ನು ಕೊಟ್ಟುಬಿಡಿ. ನಿಮಗಾಗಿ ಮಾತ್ರ ಅದರ ಎರಡನೆಯ ಕ್ಷೇತ್ರವನ್ನು, ಅಂದರೆ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನವನ್ನು, ಐವರು ಶಿಕ್ಷಕರೂ ಪ್ರತ್ಯೇಕವಾಗಿ ತುಂಬಿ ನಂತರ ಹೋಲಿಸಿ ನೋಡಿ. ಒಬ್ಬರು ಒಂದು ಹಾಕಿದ ಕಡೆ ಇನ್ನೊಬ್ಬರು ಮೂರು ಹಾಕಿದ್ದರೆ, ಚರ್ಚೆ ಅಲ್ಲಿಂದ ಆರಂಭವಾಗಲಿ. ಆ ಚೌಕಟ್ಟು ಮಾಡಿದವರ ಉದ್ದೇಶವೂ ಅದೇ ಇದ್ದಿರಬೇಕು.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ನಿಮ್ಮ ಓದಿನ ಹಾಳೆಗಳನ್ನು ದಯವಿಟ್ಟು ಯಾವ ವರದಿಗೂ ಸೇರಿಸಬೇಡಿ, ಶಿಕ್ಷಕರನ್ನು ಹೋಲಿಸಲು ಬಳಸಬೇಡಿ. ಯಾವ ಅಳತೆಗೆ ಬಹುಮಾನವೋ ನೋಟಿಸೋ ಅಂಟಿಕೊಳ್ಳುತ್ತದೆಯೋ ಆ ಅಳತೆ ಕೆಡುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನೇ ನೋಡಿ: 2023ರಲ್ಲಿ ಶೇಕಡ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೆಂದು ಯಾರೂ ನಂಬುವುದಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಆ ಶೇಕಡಾವಾರುಗಳನ್ನೇ ಗುರಿಯಾಗಿಟ್ಟು ಎಷ್ಟು ಪ್ರೌಢಶಾಲೆಗಳು ‘ಫಲಿತಾಂಶ ಸುಧಾರಣಾ ಯೋಜನೆ’ ಬರೆದಿದ್ದವು, ಅವುಗಳಲ್ಲಿ ನಿಜಕ್ಕೂ ಸುಧಾರಿಸಿದ್ದೇನು ಎಂದು ಯೋಚಿಸಿದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ. ಅಂಥ ಕೆಲವನ್ನು ನಾನೂ ಹೊಗಳಿದ್ದೆ.

ಎಸ್‌ಡಿಎಂಸಿಯ ಸಹಿಯ ವಿಷಯಕ್ಕೆ ಬರುತ್ತೇನೆ. ಕಾಯಿದೆ ಬರುವುದಕ್ಕೂ ಒಂಬತ್ತು ವರ್ಷ ಮೊದಲೇ, 2001ರಲ್ಲಿ, ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ ಕರ್ನಾಟಕ ಈ ಸಮಿತಿಗಳನ್ನು ರಚಿಸಿತ್ತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯಿದೆ ಹೇಳುತ್ತದೆ. ಆ ಮಹಿಳೆಯರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರು; ಹನ್ನೊಂದು ಗಂಟೆಗೆ ಸಭೆ ಕರೆದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ ನಡಾವಳಿ ಪುಸ್ತಕವೇ ಅವರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಸಭೆಯನ್ನು ಸಂಜೆಗೆ ಇಟ್ಟು, ಕಾರ್ಯಸೂಚಿ ಓದುವ ಮೊದಲು ಇಬ್ಬರು ಮೂವರು ಮಕ್ಕಳಿಂದ ಅವರೆದುರಿಗೆ ಗದ್ಯ ಓದಿಸಿ ನೋಡಿ. ಓದು ಬಾರದ ತಾಯಿಗೂ ತನ್ನ ಮಗು ತಡವರಿಸುವುದು ತಕ್ಷಣ ತಿಳಿಯುತ್ತದೆ. ‘ಅಕ್ಕೋರ, ಇದಕ್ಕ ನಾವೇನ್ ಮಾಡೂನು?’ ಎಂದು ಒಬ್ಬರು ಕೇಳಿದರೂ ಸಾಕು. ಗುಳೆ ಹೋಗುವ ಮನೆಗಳ ಮಕ್ಕಳನ್ನು ಊರಿನಲ್ಲೇ ಅಜ್ಜಿಯ ಬಳಿ ಬಿಟ್ಟು ಹೋಗುವ ಮಾತು ಇಂಥ ಸಭೆಯಲ್ಲಿ ಪಾಲಕರಿಂದ ಪಾಲಕರಿಗೆ ಹೋದರೆ ತಗಲುತ್ತದೆ, ನೀವು ಹೇಳಿದರೆ ಉಪದೇಶವಾಗುತ್ತದೆ. ಹಲಗೆಯ ಎಡ ಬದಿಯ ಕಾರಣಗಳಿಗೆ ಉತ್ತರ ಹುಡುಕಬೇಕಾದದ್ದು ಇಲ್ಲಿಯೇ.

ಡಿಸೆಂಬರಿನ ಬೇಡಿಕೆಪತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಅದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮಾತ್ರ ಕಳಿಸಿ ಸುಮ್ಮನಾಗಬೇಡಿ. ಅನುಸೂಚಿಯ ಲೆಕ್ಕದಲ್ಲಿ ನಿಮ್ಮ 104 ಮಕ್ಕಳಿಗೆ ನಾಲ್ವರು ಶಿಕ್ಷಕರು. ಮೇಲಿನ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತ, ಸಮಾಜ, ಭಾಷೆ ಎಂದು ಕನಿಷ್ಠ ಮೂವರು. ಈ ಏಳರ ಎದುರಿಗೆ ನಿಮ್ಮ ಐದನ್ನು ಇಟ್ಟು, ಪ್ರಕರಣದ ಸಂಖ್ಯೆಯನ್ನೂ ನಮೂದಿಸಿ ಬರೆದರೆ ಆ ಕಾಗದಕ್ಕೆ ತೂಕ ಬರುತ್ತದೆ. ಕಾಂಪೌಂಡು, ಶೌಚಾಲಯ, ಆಟದ ಮೈದಾನ ಮುಂತಾದವುಗಳನ್ನು ನರೇಗಾದಲ್ಲಿ ಮಾಡಿಸಿಕೊಂಡ ಶಾಲೆಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಅಂಥ ಕಾಮಗಾರಿಗೆ ನಿಮ್ಮ ಬೇಡಿಕೆ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಬೇಕು, ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಬಂದರೆ ಇನ್ನೂ ಒಳ್ಳೆಯದು. ಸಮಗ್ರ ಶಿಕ್ಷಣದ ಶಾಲಾ ಅನುದಾನದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ನಿಗದಿಯಾಗಿರುವುದು ವರ್ಷಕ್ಕೆ 50,000 ರೂಪಾಯಿ, ಅದರಲ್ಲಿ ಶೇಕಡ 10 ಸ್ವಚ್ಛತೆಗೆ. ಉಳಿದದ್ದರಲ್ಲಿ ಸಣ್ಣದೊಂದು ಮೊತ್ತವನ್ನಾದರೂ ಗೋಡೆಯ ಮೇಲಿನ ಹಾಳೆಗೆ ಬೇಕಾದ ಓದುವ ಸಾಮಗ್ರಿಗೆ ಮೊದಲೇ ಎತ್ತಿಡಿ. ಇಲ್ಲದಿದ್ದರೆ ಸುಣ್ಣ ಬಣ್ಣದಲ್ಲಿ ಅದು ಮುಗಿದುಹೋಗುತ್ತದೆ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯೂ ಇದೆ: ನೀವು ವರ್ಗವಾಗಿ ಹೋದ ಮೇಲೆ ಏನು? ನಮ್ಮಲ್ಲಿ ಮುಖ್ಯ ಶಿಕ್ಷಕರು ಬದಲಾದಾಗ ಪ್ರಭಾರ ಪಟ್ಟಿ ಕೈ ಬದಲಾಗುತ್ತದೆ. ಅದರಲ್ಲಿ ಬೆಂಚು, ಕುರ್ಚಿ, ಅಡುಗೆಯ ಪಾತ್ರೆ, ಗ್ಯಾಸ್ ಸಿಲಿಂಡರು, ನಗದು ಪುಸ್ತಕದ ಶಿಲ್ಕು ಎಲ್ಲವೂ ಇರುತ್ತವೆ, ಕಲಿಕೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೊಸಬರು ಬಂದು ಒಂದು ವರ್ಷ ಕಳೆಯುವ ಹೊತ್ತಿಗೆ ನೀವು ಕಂಡುಕೊಂಡದ್ದನ್ನೇ ಮತ್ತೆ ಕಂಡುಕೊಳ್ಳಬೇಕು. ಸುಧಾರಣೆ ನಿರಂತರವಾಗದೆ ತುಂಡು ತುಂಡಾಗುವುದು ಇಲ್ಲಿ. ಆದ್ದರಿಂದ ಪ್ರತಿ ಏಪ್ರಿಲ್‌ನಲ್ಲಿ, ವರ್ಗವಾಗಲಿ ಆಗದಿರಲಿ, ಒಂದು ಹಾಳೆ ಬರೆಯಿರಿ: ಈ ವರ್ಷ ಯಾವ ತೊಡಕನ್ನು ಹಿಡಿದೆವು, ಏನು ಮಾಡಿದೆವು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಮುಂದಿನ ಜೂನ್‌ನಲ್ಲಿ ಯಾವ ಮಕ್ಕಳನ್ನು ಮೊದಲು ಓದಿಸಿ ನೋಡಬೇಕು. ಮೂರನೆಯಿಂದ ನಾಲ್ಕಕ್ಕೆ ಹೋಗುವ ಮಕ್ಕಳ ಪ್ರಗತಿ ನೋಟವನ್ನೂ ಅದಕ್ಕೆ ಜೋಡಿಸಿ. ಮೂಲವನ್ನು ಪ್ರಭಾರ ಪಟ್ಟಿಯ ಜೊತೆಗಿಡಿ, ಒಂದು ಪ್ರತಿಯನ್ನು ಎಸ್‌ಡಿಎಂಸಿ ನಡಾವಳಿ ಪುಸ್ತಕಕ್ಕೆ ಅಂಟಿಸಿ ಸಮಿತಿಯ ಸಭೆಯಲ್ಲಿ ಓದಿ ಹೇಳಿ. ನೀವೂ ನಾಲ್ವರು ಶಿಕ್ಷಕರೂ ಬೇರೆ ಬೇರೆ ತಾಲ್ಲೂಕಿಗೆ ಹೋದರೂ ಆ ಪಾಲಕರು ಊರಿನಲ್ಲೇ ಇರುತ್ತಾರೆ, ಹೊಸದಾಗಿ ಬಂದವರನ್ನು ಆ ಹಾಳೆಯ ಬಗ್ಗೆ ಕೇಳುತ್ತಾರೆ.